ಮೆಚ್ಚಿನ ವೈಜ್ಞಾನಿಕ ಕಾದಂಬರಿಯನ್ನು ಮತ್ತೆ ಓದುವುದು, ಇತರರಿಗೂ ಓದಿಸುವುದು: ವೆಲ್ಸ್‌ನ ಮಂಗಳವಾಸಿಗಳ ಕಥೆಯನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಮೆಚ್ಚಿದ ಕಾದಂಬರಿಯನ್ನು ಎರಡನೆಯ ಸಲ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲ ಸಲ ಹಿಡಿಸಿದ ಪುಟಗಳನ್ನೇ ಹುಡುಕಿಕೊಂಡು ಹೋಗುತ್ತಾರೆ, ಅವು ಇನ್ನೂ ಅಷ್ಟೇ ಹಿಡಿಸುತ್ತವೆಯೇ ಎಂದು ನೋಡಿ ತೃಪ್ತಿಪಟ್ಟು ಪುಸ್ತಕವನ್ನು ಮುಚ್ಚಿಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಪುಸ್ತಕವನ್ನು ಇನ್ನೊಬ್ಬರಿಗೆ ದಾಟಿಸಬೇಕೆಂಬ ಆಸೆಯಿದ್ದರೆ ಅಷ್ಟು ಸಾಲದು. ಕಥೆ ಹೇಗೆ ಕಟ್ಟಲ್ಪಟ್ಟಿದೆ, ಯಾವ ಸಂಗತಿಯನ್ನು ಎಲ್ಲಿ ಬಚ್ಚಿಡಲಾಗಿದೆ, ಹೊಸ ಓದುಗರು ಎಲ್ಲಿ ಬೇಸರಪಡಬಹುದು ಎಂಬುದನ್ನು ತಿಳಿದವರು ಮಾತ್ರ ಅದನ್ನು ಕೆಡಿಸದೆ ಹಂಚಬಲ್ಲರು. ಈ ಬರಹದಲ್ಲಿ, ಮಂಗಳ ಗ್ರಹದ ಜೀವಿಗಳು ಇಂಗ್ಲೆಂಡಿನ ಮೇಲೆ ದಾಳಿ ಮಾಡುವ ಕಥೆಯಾದ ಎಚ್. ಜಿ. ವೆಲ್ಸ್‌ನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ಹಂತಹಂತವಾಗಿ ವಿವರಿಸಿದ್ದೇನೆ. ಇದನ್ನು ಆರಿಸಿಕೊಳ್ಳಲು ಕಾರಣಗಳಿವೆ: ಇದು ದೊಡ್ಡ ಕಾದಂಬರಿಯಲ್ಲ, ಸುಲಭವಾಗಿ ಸಿಗುತ್ತದೆ, ಮೇಲಾಗಿ ಎಲ್ಲರೂ ಕಥೆ ಗೊತ್ತಿದೆ ಎಂದುಕೊಂಡಿರುವ, ಆದರೆ ಪೂರ್ತಿ ಓದಿದವರು ಕಡಿಮೆಯಿರುವ ಪುಸ್ತಕ ಇದು. ಒಮ್ಮೆ ಓದಿ ಮುಗಿಸಿದವರಿಗಾಗಿ ಬರೆದದ್ದಾದ್ದರಿಂದ ಕಥೆಯ ಕೊನೆಯನ್ನೂ ಇಲ್ಲಿ ಬಿಚ್ಚಿಯೇ ಹೇಳಿದ್ದೇನೆ. ಇನ್ನೂ ಓದದವರು ಮೊದಲು ಪುಸ್ತಕವನ್ನೇ ಓದುವುದು ಒಳ್ಳೆಯದು.

ಪೂರ್ಣ ಪಠ್ಯವನ್ನು ಕೈಗೆ ತಂದುಕೊಳ್ಳುವುದು

ಈ ಕಾದಂಬರಿ 1897ರಲ್ಲಿ ‘ಪಿಯರ್ಸನ್ಸ್ ಮ್ಯಾಗಜೀನ್’ನಲ್ಲಿ ಧಾರಾವಾಹಿಯಾಗಿ ಬಂದು 1898ರಲ್ಲಿ ಪುಸ್ತಕವಾಯಿತು. ಶಾಲಾ ಮಕ್ಕಳಿಗಾಗಿ ಮಾಡಿದ ಸಂಕ್ಷಿಪ್ತ ಆವೃತ್ತಿಗಳು ನಮ್ಮಲ್ಲಿ ಬಹಳ ಓಡಾಡುತ್ತವೆ. ನಿಮ್ಮ ಬಾಲ್ಯದ ಪ್ರತಿ ಅಂಥದ್ದೇ ಆಗಿದ್ದರೆ ನೀವು ಮೆಚ್ಚಿದ್ದು ಕಥೆಯ ಅಸ್ಥಿಪಂಜರವನ್ನು ಮಾತ್ರ. ಪೂರ್ಣ ಪಠ್ಯವನ್ನು ಗುರುತಿಸುವುದು ಕಷ್ಟವಲ್ಲ. ಅದರಲ್ಲಿ ಎರಡು ಭಾಗಗಳಿರುತ್ತವೆ. ಮೊದಲ ಭಾಗದಲ್ಲಿ 17 ಅಧ್ಯಾಯಗಳು, ಎರಡನೆಯದರಲ್ಲಿ ಉಪಸಂಹಾರವೂ ಸೇರಿ 10. ಒಟ್ಟು ಸುಮಾರು 60,000 ಪದಗಳು. ಇನ್ನೂ ಖಾತರಿ ಬೇಕಿದ್ದರೆ ಮೊದಲ ಅಧ್ಯಾಯದಲ್ಲಿ ಟಾಸ್ಮೇನಿಯಾದ ಮೂಲನಿವಾಸಿಗಳ ಪ್ರಸ್ತಾಪ ಇದೆಯೇ ನೋಡಿ. ಮಂಗಳವಾಸಿಗಳನ್ನು ಕಟುವಾಗಿ ತೀರ್ಮಾನಿಸುವ ಮುನ್ನ, ಯುರೋಪಿನ ವಲಸಿಗರು ಐವತ್ತು ವರ್ಷಗಳ ಅವಧಿಯಲ್ಲಿ ಆ ಜನರನ್ನು ಹೇಗೆ ನಿರ್ನಾಮ ಮಾಡಿದರೆಂಬುದನ್ನು ನೆನೆಯಬೇಕು ಎಂದು ವೆಲ್ಸ್ ಅಲ್ಲಿ ತನ್ನ ಇಂಗ್ಲಿಷ್ ಓದುಗರನ್ನೇ ಕುಟುಕುತ್ತಾನೆ. ಸಂಕ್ಷಿಪ್ತಗೊಳಿಸುವವರ ಕತ್ತರಿಗೆ ಮೊದಲು ಸಿಗುವಂಥ ಸಾಲುಗಳು ಇವು.

ಹಳೆಯ ಪುಸ್ತಕಗಳ ಜಾಲತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪೂರ್ಣ ಪಠ್ಯ ಉಚಿತವಾಗಿ ಸಿಗುತ್ತದೆ, ಅಲ್ಲಿ ಇದರ ಸಂಖ್ಯೆ 36. ಹಾಗಿದ್ದರೂ ಮರು ಓದಿಗೆ ಅಚ್ಚಾದ ಪ್ರತಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮುಂದೆ ಹೇಳುವ ಗುರುತುಗಳನ್ನು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಹಾಕಬೇಕಾಗುತ್ತದೆ.

ಪುಸ್ತಕ ತೆರೆಯುವ ಮುನ್ನ ನೆನಪನ್ನು ಬರೆದಿಡುವುದು

ಮೊದಲ ಪುಟ ತೆರೆಯುವ ಮುನ್ನ ಕಥೆಯಲ್ಲಿ ನಿಮಗೆ ನೆನಪಿರುವುದಷ್ಟನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಯಾರು ಸತ್ತರು, ಯಾರು ಉಳಿದರು, ಘಟನೆಗಳು ಯಾವ ಊರಿನಲ್ಲಿ ನಡೆದವು, ನಿರೂಪಕನ ಹೆಸರೇನು, ಎಲ್ಲವನ್ನೂ ಬರೆಯಿರಿ. ನಿರೂಪಕನಿಗೆ ಕಾದಂಬರಿಯುದ್ದಕ್ಕೂ ಹೆಸರೇ ಇಲ್ಲವೆಂಬುದು ಆಗಲೇ ಬಹಳ ಜನರಿಗೆ ಹೊಳೆಯುವುದು.

ಈ ಹಾಳೆಯ ಮುಖ್ಯ ಉಪಯೋಗ ಬೇರೆ. ಈ ಕಥೆಯನ್ನು ಬೇರೆಯವರು ಎಷ್ಟೋ ಸಲ ತಮಗೆ ಬೇಕಾದಂತೆ ಹೇಳಿದ್ದಾರೆ. 1938ರ ಅಕ್ಟೋಬರ್ 30ರಂದು ನಟ, ನಿರ್ದೇಶಕ ಆರ್ಸನ್ ವೆಲ್ಸ್‌ನ (ಈತ ಕಾದಂಬರಿಕಾರ ವೆಲ್ಸ್ ಅಲ್ಲ) ತಂಡ ಅಮೆರಿಕದ ರೇಡಿಯೋದಲ್ಲಿ ಪ್ರಸಾರ ಮಾಡಿದ ನಾಟಕ ಮಂಗಳವಾಸಿಗಳನ್ನು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್‌ನಲ್ಲಿ ಇಳಿಸಿತು. 1953ರ ಚಲನಚಿತ್ರ ಅವರನ್ನು ಕ್ಯಾಲಿಫೋರ್ನಿಯಾಕ್ಕೆ ತಂದಿತು. 2005ರ ಚಲನಚಿತ್ರವೂ ಅಮೆರಿಕದಲ್ಲೇ ನಡೆಯುತ್ತದೆ. ಮೂಲ ಕಾದಂಬರಿ ಲಂಡನ್ನಿನ ನೈಋತ್ಯಕ್ಕಿರುವ ವೋಕಿಂಗ್ ಎಂಬ ಸಾಧಾರಣ ಊರಿನ ಸುತ್ತ, ಕುದುರೆಗಾಡಿ ಮತ್ತು ಸೈಕಲ್‌ಗಳ ಕಾಲದಲ್ಲಿ ನಡೆಯುವಂಥದ್ದು. ನಿಮ್ಮ ಹಾಳೆಯಲ್ಲಿರುವ ಎಷ್ಟು ಸಂಗತಿಗಳು ವೆಲ್ಸ್‌ನವು, ಎಷ್ಟು ಸಿನಿಮಾದವು ಎಂದು ಓದುತ್ತಾ ಟಿಕ್ ಹಾಕುತ್ತಾ ಹೋಗಿ. ಇನ್ನೊಬ್ಬರಿಗೆ ಪುಸ್ತಕದ ಬಗ್ಗೆ ಹೇಳುವಾಗ ಈ ಎರಡನ್ನು ಬೆರೆಸದಿರುವುದು ಮುಖ್ಯ. ರೇಡಿಯೋ ನಾಟಕ ಕೇಳಿ ಇಡೀ ಅಮೆರಿಕ ಬೀದಿಗೆ ಓಡಿಬಂದಿತ್ತು ಎಂಬ ಮಾತನ್ನೂ ದಯವಿಟ್ಟು ಮತ್ತೆ ಹೇಳಬೇಡಿ. ಗಾಬರಿಗೊಂಡವರು ಇದ್ದದ್ದು ನಿಜ, ಆದರೆ ಅದನ್ನು ಮರುದಿನದ ಪತ್ರಿಕೆಗಳು ಬಹಳವಾಗಿ ಹಿಗ್ಗಿಸಿದವೆಂಬುದನ್ನು ನಂತರದ ಸಂಶೋಧಕರು ತೋರಿಸಿದ್ದಾರೆ.

ಮೊದಲ ಸುತ್ತು: ನಕ್ಷೆ ಮತ್ತು ವಾರಗಳು

ಮರು ಓದನ್ನು ಎರಡು ಸುತ್ತಾಗಿ ಮಾಡುವುದು ಅನುಕೂಲ. ಮೊದಲ ಸುತ್ತಿನಲ್ಲಿ ಎಲ್ಲಿ, ಯಾವಾಗ ಎಂಬೆರಡು ಪ್ರಶ್ನೆಗಳನ್ನಷ್ಟೇ ಹಿಡಿದುಕೊಳ್ಳಿ. ವೆಲ್ಸ್ 1895ರಲ್ಲಿ ವೋಕಿಂಗ್‌ನಲ್ಲಿ ಮನೆ ಮಾಡಿಕೊಂಡಿದ್ದವನು, ಆ ಸುತ್ತಿನ ರಸ್ತೆಗಳಲ್ಲಿ ಸೈಕಲ್ ತುಳಿದವನು. ಹೀಗಾಗಿ ಕಾದಂಬರಿಯ ಹೆಸರುಗಳೆಲ್ಲ ನಿಜವಾದ ಸ್ಥಳಗಳವು. ಮಂಗಳವಾಸಿಗಳನ್ನು ಹೊತ್ತು ಬರುವ ಮೊದಲ ಸಿಲಿಂಡರ್ ಬೀಳುವ ಹಾರ್ಸೆಲ್ ಕಾಮನ್, ನಿರೂಪಕನ ಮನೆಯಿರುವ ಮೇಬರಿ ಹಿಲ್, ಅವನು ಹೆಂಡತಿಯನ್ನು ಬಿಟ್ಟುಬರುವ ಲೆದರ್‌ಹೆಡ್, ಫಿರಂಗಿಗಳು ಒಬ್ಬ ಮಂಗಳವಾಸಿಯನ್ನು ಉರುಳಿಸುವ ಶೆಪರ್ಟನ್, ಕೊನೆಗೆ ಲಂಡನ್ನಿನ ಪ್ರಿಮ್‌ರೋಸ್ ಹಿಲ್, ಇವೆಲ್ಲ ಇಂದಿನ ಮೊಬೈಲ್ ನಕ್ಷೆಯಲ್ಲೂ ಸಿಗುತ್ತವೆ. ಒಂದು ಹಾಳೆಯಲ್ಲಿ ಎರಡು ಗೆರೆ ಎಳೆಯಿರಿ. ಒಂದು ನಿರೂಪಕನ ದಾರಿ, ಇನ್ನೊಂದು ಲಂಡನ್ನಿನಿಂದ ಎಸೆಕ್ಸ್ ಕರಾವಳಿಯ ಕಡೆಗೆ ತಪ್ಪಿಸಿಕೊಂಡು ಹೋಗುವ ಅವನ ತಮ್ಮನ ದಾರಿ. ಮೊದಲ ಭಾಗದ 14, 16, 17ನೆಯ ಅಧ್ಯಾಯಗಳು ತಮ್ಮನವು. ಓದುವಾಗ ಇವು ಏಕೆ ನಡುವೆ ಬಂದವೆಂದು ಕೆಲವರಿಗೆ ಗಲಿಬಿಲಿಯಾಗುತ್ತದೆ, ನಕ್ಷೆ ಬರೆದವರಿಗೆ ಆಗುವುದಿಲ್ಲ.

ನಕ್ಷೆಯ ಪಕ್ಕದಲ್ಲಿ ವಾರಗಳನ್ನು ಗುರುತಿಸಿ. ಸಿಲಿಂಡರ್ ಸಿಗುವುದು ಶುಕ್ರವಾರ. ಅಂದು ಸಂಜೆಯೇ ಮಂಗಳವಾಸಿಗಳ ಆಯುಧವಾದ ಶಾಖಕಿರಣದ ಮೊದಲ ಬಲಿಗಳು. ಶನಿವಾರ ಸಂಜೆ ನಿರೂಪಕ ಊರು ಬಿಡುತ್ತಾನೆ. ಸೋಮವಾರದ ಹೊತ್ತಿಗೆ ಲಂಡನ್ನೇ ಗುಳೆ ಹೊರಟಿರುತ್ತದೆ. ನಾಲ್ಕೇ ದಿನಗಳಲ್ಲಿ ಒಂದು ಸಾಮ್ರಾಜ್ಯದ ರಾಜಧಾನಿ ಖಾಲಿಯಾಗುವ ಆ ವೇಗ ಓದಿನ ಓಟದಲ್ಲಿ ಅರಿವಿಗೆ ಬರುವುದಿಲ್ಲ, ಬರೆದಿಟ್ಟಾಗ ಬರುತ್ತದೆ. ಶುಕ್ರವಾರ ಅಷ್ಟು ಜನ ಸತ್ತ ಮೇಲೂ ಶನಿವಾರ ಬೆಳಿಗ್ಗೆ ಹಾಲಿನವನು ಎಂದಿನಂತೆ ಬರುತ್ತಾನೆ. ವೆಲ್ಸ್‌ನ ಕೈಚಳಕ ಇರುವುದು ಇಂಥ ಕಡೆಯೇ.

ಎರಡನೆಯ ಸುತ್ತು: ನಿರೂಪಕನನ್ನು ಹಿಂಬಾಲಿಸುವುದು

ನನ್ನ ಪ್ರಕಾರ ಮರು ಓದಿನ ನಿಜವಾದ ಫಲ ಈ ಸುತ್ತಿನಲ್ಲಿದೆ. ಮೊದಲ ಓದಿನಲ್ಲಿ ನಮ್ಮ ಕಣ್ಣು ಮಂಗಳವಾಸಿಗಳ ಮೇಲಿರುತ್ತದೆ, ಕಥೆ ಹೇಳುತ್ತಿರುವವನನ್ನು ನಾವು ನಂಬಿಬಿಟ್ಟಿರುತ್ತೇವೆ. ಅವನು ಈ ಕಥೆಯನ್ನು ಘಟನೆ ನಡೆದ ಆರು ವರ್ಷಗಳ ಮೇಲೆ ಬರೆಯುತ್ತಿದ್ದಾನೆ ಎಂಬುದು ಮೊದಲ ಅಧ್ಯಾಯದಲ್ಲೇ ಇದೆ. ಆರು ವರ್ಷ ಯೋಚಿಸಿದ ಮೇಲೂ ಅವನು ಏನನ್ನು ಬಿಡದೆ ಹೇಳುತ್ತಾನೆ, ಏನನ್ನು ಒಂದೇ ಸಾಲಿನಲ್ಲಿ ದಾಟಿಸುತ್ತಾನೆ ಎಂದು ನೋಡುತ್ತಾ ಹೋಗಿ. ಅವನು ಯಾರನ್ನಾದರೂ ಬಿಟ್ಟು ಮುಂದೆ ಹೋಗುವ ಪ್ರತಿ ಜಾಗದಲ್ಲೂ ಅಂಚಿನಲ್ಲಿ ಗೆರೆ ಎಳೆಯಿರಿ.

ಮೊದಲ ಗೆರೆ ನಾಲ್ಕನೆಯ ಅಧ್ಯಾಯದಲ್ಲೇ ಬೀಳುತ್ತದೆ. ನೂಕುನುಗ್ಗಲಿನಲ್ಲಿ ಅಂಗಡಿಯ ಆಳೊಬ್ಬ ಸಿಲಿಂಡರ್ ಬಿದ್ದ ಗುಂಡಿಯೊಳಗೆ ಜಾರಿದ್ದಾನೆ, ಮಂಗಳವಾಸಿ ಹೊರಬಂದಿದೆ, ಜನರೆಲ್ಲ ಓಡಿದ್ದಾರೆ. ಮುಳುಗುವ ಸೂರ್ಯನೆದುರು ಗುಂಡಿಯ ಅಂಚಿನಲ್ಲಿ ಕಪ್ಪಗಿನ ಗುಂಡನೆಯ ವಸ್ತುವೊಂದು ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಆ ಆಳಿನ ತಲೆ. ಒಮ್ಮೆ ಭುಜ ಮತ್ತು ಮೊಣಕಾಲು ಮೇಲೆ ಬರುತ್ತವೆ, ಮತ್ತೆ ಜಾರುತ್ತಾನೆ, ಆಮೇಲೆ ಕಾಣಿಸುವುದಿಲ್ಲ. ಹಿಂತಿರುಗಿ ನೆರವಾಗಬೇಕೆಂದು ಒಂದು ಕ್ಷಣ ಅನ್ನಿಸಿತು, ಭಯ ಅದನ್ನು ಮೀರಿತು ಎಂದಷ್ಟೇ ಹೇಳಿ ನಿರೂಪಕ ಮುಂದುವರಿಯುತ್ತಾನೆ.

ಎರಡನೆಯದು ಇನ್ನೂ ಸೂಕ್ಷ್ಮ, ಮೊದಲ ಓದಿನಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಒಂಬತ್ತನೆಯ ಅಧ್ಯಾಯದ ಕೊನೆಯಲ್ಲಿ ಹೆಂಡತಿಯನ್ನು ಸುರಕ್ಷಿತ ಜಾಗಕ್ಕೆ ಸೇರಿಸಲು ಅವನಿಗೆ ಗಾಡಿ ಬೇಕಾಗುತ್ತದೆ. ‘ಸ್ಪಾಟೆಡ್ ಡಾಗ್’ ಎಂಬ ಪಬ್‌ನ ಮಾಲೀಕನ ಬಳಿ ಕುದುರೆಯೂ ಗಾಡಿಯೂ ಇವೆ. ಆ ಮಾಲೀಕನಿಗೆ ತನ್ನ ಮನೆಯ ಹಿಂದೆಯೇ ಏನಾಗುತ್ತಿದೆ ಎಂಬುದು ತಿಳಿದಿಲ್ಲ. ಬೇರೊಬ್ಬನೊಡನೆ ಅವನು ಒಂದು ಪೌಂಡಿಗೆ ಚೌಕಾಸಿ ಮಾಡುತ್ತಿರುವಾಗ ನಿರೂಪಕ ಹಿಂದಿನಿಂದ ಎರಡು ಪೌಂಡ್ ಕೊಡುತ್ತೇನೆ, ಮಧ್ಯರಾತ್ರಿಯೊಳಗೆ ಗಾಡಿಯನ್ನು ತಂದುಕೊಡುತ್ತೇನೆ ಎನ್ನುತ್ತಾನೆ. ಅವಸರವೇನೆಂದು ಮಾಲೀಕ ಬೆರಗಾಗುತ್ತಾನೆ. ತಾನು ಮನೆ ಬಿಡಬೇಕಾಗಿದೆ ಎಂದು ಅವಸರದಲ್ಲಿ ವಿವರಿಸಿ ಗಾಡಿಯನ್ನು ಪಡೆದುಕೊಂಡ ನಿರೂಪಕ, ಆ ಮಾಲೀಕನೂ ಮನೆ ಬಿಡಬೇಕಾದಷ್ಟು ತುರ್ತಿದೆ ಎಂದು ಆಗ ತನಗೆ ತೋರಲಿಲ್ಲ ಎಂಬ ಒಂದು ಸಾಲನ್ನು ಬರೆಯುತ್ತಾನೆ. ಮುಂದಿನ ಅಧ್ಯಾಯದಲ್ಲಿ, ಗುಡುಗು ಮಳೆಯ ನಡುರಾತ್ರಿ, ಗಾಡಿ ಮುರಿದು ಕುದುರೆ ಸತ್ತು ಅವನು ಕಾಲ್ನಡಿಗೆಯಲ್ಲಿ ಹಿಂತಿರುಗುವಾಗ ಕತ್ತಲಲ್ಲಿ ಒಂದು ದೇಹ ಎಡವುತ್ತದೆ. ಮಿಂಚಿನ ಬೆಳಕಿನಲ್ಲಿ ಮುಖ ಕಾಣುತ್ತದೆ. ಅದೇ ಮಾಲೀಕ, ಕುತ್ತಿಗೆ ಮುರಿದಿದೆ. ನಿರೂಪಕ ಹುಷಾರಾಗಿ ದೇಹವನ್ನು ದಾಟಿ ಗುಡ್ಡ ಹತ್ತುತ್ತಾನೆ. ಎರಡು ಪೌಂಡಿನ ಆ ವ್ಯವಹಾರವನ್ನೂ ಈ ದೇಹವನ್ನೂ ವೆಲ್ಸ್ ಎಲ್ಲೂ ಕೂಡಿಸಿ ತೀರ್ಪು ಹೇಳುವುದಿಲ್ಲ. ಕೂಡಿಸುವ ಕೆಲಸವನ್ನು ಎರಡನೆಯ ಓದಿಗೆ ಬಿಟ್ಟಿದ್ದಾನೆ.

ಮೂರನೆಯದು ಎಲ್ಲರಿಗೂ ನೆನಪಿರುವ ಪಾದ್ರಿಯ ಪ್ರಸಂಗ. ಕುಸಿದ ಮನೆಯೊಳಗೆ ಸಿಕ್ಕಿಬಿದ್ದಿರುವಾಗ ಕೂಗಾಡಲು ತೊಡಗಿದ ಪಾದ್ರಿಯನ್ನು ನಿರೂಪಕ ಗೋಡೆಗೆ ನೇತುಹಾಕಿದ್ದ ಮಾಂಸ ಕಡಿಯುವ ಮಚ್ಚಿನಿಂದ ಹೊಡೆಯುತ್ತಾನೆ. ಅಲಗನ್ನು ತಿರುಗಿಸಿ ಹಿಂಬದಿಯಿಂದ ಹೊಡೆದದ್ದನ್ನು ತನ್ನ ಮನುಷ್ಯತ್ವದ ಕೊನೆಯ ಗುರುತೆಂದು ಹೇಳಿಕೊಳ್ಳುತ್ತಾನೆ. ಪ್ರಜ್ಞೆ ತಪ್ಪಿದ ಪಾದ್ರಿಯನ್ನು ಮಂಗಳವಾಸಿಯ ಯಂತ್ರದ ಕೈ ಎಳೆದುಕೊಂಡು ಹೋಗುತ್ತದೆ. ಎರಡನೆಯ ಭಾಗದ ಏಳನೆಯ ಅಧ್ಯಾಯದಲ್ಲಿ, ಒಂಟಿಯಾಗಿ ಮಲಗಿದ ರಾತ್ರಿ, ಅವನು ತನ್ನನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಸಾಕ್ಷಿಗಳಿರಲಿಲ್ಲ, ಮುಚ್ಚಿಡಬಹುದಿತ್ತು, ಆದರೂ ಹೇಳಿದ್ದೇನೆ, ತೀರ್ಪನ್ನು ಓದುಗರೇ ಕೊಡಲಿ ಎಂಬರ್ಥದ ಮಾತು ಅಲ್ಲಿದೆ. ಅಂಗಡಿಯ ಆಳು ಮತ್ತು ಪಬ್‌ನ ಮಾಲೀಕ ಆ ವಿಚಾರಣೆಯಲ್ಲಿ ಬರುವುದೇ ಇಲ್ಲ ಎಂಬುದನ್ನು ನಿಮ್ಮ ಅಂಚಿನ ಗೆರೆಗಳು ತೋರಿಸುತ್ತವೆ. ಈ ಗೆರೆಗಳನ್ನು ಹಿಡಿದು ಹೋದಾಗ ಗ್ರಹಗಳ ಯುದ್ಧ ಹಿಂದೆ ಸರಿದು, ಸಂಕಟದಲ್ಲಿ ಒಬ್ಬ ಸಭ್ಯ ಗೃಹಸ್ಥ ಯಾರುಯಾರನ್ನು ಬಿಟ್ಟುಬಂದ ಎಂಬ ಕಥೆ ಮುಂದೆ ಬರುತ್ತದೆ.

ಇಷ್ಟಾದ ಮೇಲೆ ಕಾದಂಬರಿಯ ಮೊಟ್ಟಮೊದಲ ವಾಕ್ಯಕ್ಕೆ ಹಿಂತಿರುಗಿ. ಮನುಷ್ಯರಿಗಿಂತ ಹೆಚ್ಚಿನ ಬುದ್ಧಿಯುಳ್ಳ, ಆದರೆ ಅವರಂತೆಯೇ ಸಾವಿಗೆ ಒಳಗಾದ ಜೀವಿಗಳು ಭೂಮಿಯನ್ನು ಗಮನಿಸುತ್ತಿದ್ದವು ಎಂದು ಅದು ಶುರುವಾಗುತ್ತದೆ. ನೀರಿನ ಹನಿಯಲ್ಲಿ ಮಿಜಿಗುಡುವ ಕ್ಷಣಿಕ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವನ ಹೋಲಿಕೆಯೂ ಅದೇ ವಾಕ್ಯದಲ್ಲಿದೆ. ಮಂಗಳವಾಸಿಗಳು ಕೊನೆಗೆ ಸಾಯುವುದು ಬ್ಯಾಕ್ಟೀರಿಯಾಗಳಿಂದ. ಕಥೆಯ ಅಂತ್ಯವನ್ನು ಲೇಖಕ ಮೊದಲ ವಾಕ್ಯದಲ್ಲೇ ಎಲ್ಲರ ಕಣ್ಣೆದುರು ಇಟ್ಟಿದ್ದ. ಟಿ. ಎಚ್. ಹಕ್ಸ್ಲಿಯ ಬಳಿ ಜೀವವಿಜ್ಞಾನ ಕಲಿತ ವಿದ್ಯಾರ್ಥಿಯ ಕಸುಬು ಅಲ್ಲಿ ಕಾಣುತ್ತದೆ.

ಕಾಲದ ಸಂಗತಿಗಳನ್ನು ಎಷ್ಟು ತಿಳಿದಿರಬೇಕು

ಸ್ವಲ್ಪ ಸಾಕು. ಇಟಲಿಯ ಖಗೋಳಜ್ಞ ಶಿಯಾಪರೆಲ್ಲಿ 1877ರಲ್ಲಿ ಮಂಗಳನ ಮೇಲೆ ಗೆರೆಗಳನ್ನು ಕಂಡದ್ದು, ಅಮೆರಿಕದ ಪರ್ಸಿವಲ್ ಲೊವೆಲ್ 1895ರ ತನ್ನ ಪುಸ್ತಕದಲ್ಲಿ ಅವು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳೆಂದು ವಾದಿಸಿದ್ದು, 1894ರಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಾಗ ಖಗೋಳಜ್ಞರಲ್ಲಿದ್ದ ಉತ್ಸಾಹ, ಇವಿಷ್ಟು ತಿಳಿದಿದ್ದರೆ ಮಂಗಳವಾಸಿಗಳನ್ನು ನಂಬುವುದು ಆ ಕಾಲದ ಓದುಗನಿಗೆ ಅಷ್ಟೇನೂ ಹುಚ್ಚಾಟವಾಗಿರಲಿಲ್ಲ ಎಂಬುದು ಅರ್ಥವಾಗುತ್ತದೆ. 1965ರಲ್ಲಿ ಅಮೆರಿಕದ ಮ್ಯಾರಿನರ್ 4 ನೌಕೆ ಕಳಿಸಿದ ಚಿತ್ರಗಳಲ್ಲಿ ಕುಳಿಗಳಿದ್ದವು, ಕಾಲುವೆಗಳಿರಲಿಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ಇಸ್ರೋದ ನೌಕೆಯನ್ನು ಬೆಂಗಳೂರಿನ ಪೀಣ್ಯದಿಂದ ನಿಯಂತ್ರಿಸಿದ್ದನ್ನು ಟಿವಿಯಲ್ಲಿ ನೋಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಸುಲಭ. ವಿಜ್ಞಾನ ಹಳತಾಯಿತಲ್ಲ ಎಂದು ಕೇಳುವವರಿಗೆ ಇದಕ್ಕಿಂತ ಹೆಚ್ಚಿನ ಸಮಜಾಯಿಷಿ ಬೇಕಿಲ್ಲ.

ನಮ್ಮ ಕಡೆಯ ಓದುಗರಿಗೆ ಹೇಳಬಹುದಾದ ಇನ್ನೊಂದು ಸಂಗತಿಯಿದೆ. ಪುಸ್ತಕ ಪ್ರಕಟವಾದ 1898ರಲ್ಲೇ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. ಅಲ್ಲಿ ಕಾದಂಬರಿಯಲ್ಲಿ ರೋಗಾಣು ಮನುಷ್ಯಕುಲವನ್ನು ಕಾಯುತ್ತಿದ್ದಾಗ ಇಲ್ಲಿ ಜನ ರೋಗಾಣುವಿಗೆ ಹೆದರಿ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಿನ ಕಾಲದ ಮಾತು ಹಲವು ಮನೆಗಳಲ್ಲಿ ಅಜ್ಜಿಯಂದಿರ ಬಾಯಿಂದ ಇಳಿದುಬಂದಿದೆ. ಲಂಡನ್ ಗುಳೆ ಹೊರಡುವ ಅಧ್ಯಾಯವನ್ನು ಅಂಥ ಮನೆಯಲ್ಲಿ ಓದಿದರೆ ಹಿರಿಯರು ಸುಮ್ಮನೆ ಕೂರುವುದಿಲ್ಲ.

ಒಬ್ಬರಿಗೆ ಕೊಡುವಾಗ

ಪುಸ್ತಕ ಕೊಡುವಾಗ ನಾವು ಮಾಡುವ ದೊಡ್ಡ ಅನ್ಯಾಯವೆಂದರೆ ಅದರ ಬಗ್ಗೆ ಹೆಚ್ಚು ಮಾತಾಡುವುದು. ನೀವು ಎರಡು ಸುತ್ತು ಓದಿ ಕಂಡುಕೊಂಡದ್ದನ್ನೆಲ್ಲ ಕೊಡುವ ಹೊತ್ತಿನಲ್ಲೇ ಹೇಳಿಬಿಟ್ಟರೆ ಎದುರಿಗಿರುವವರ ಮೊದಲ ಓದನ್ನೇ ಕಿತ್ತುಕೊಂಡಂತೆ. ಬ್ಯಾಕ್ಟೀರಿಯಾದ ಸಂಗತಿ ಎಷ್ಟೋ ಜನರಿಗೆ ಮೊದಲೇ ಗೊತ್ತಿರುತ್ತದೆ, ಗೊತ್ತಿದ್ದರೂ ನಷ್ಟವಿಲ್ಲ. ಆದರೆ ಪಬ್‌ನ ಮಾಲೀಕನ ಸಂಗತಿಯನ್ನು ಮಾತ್ರ ಹೇಳಬೇಡಿ. “ನಿಮ್ಮ ಊರಿನ ಹೊರಗಿನ ಗೋಮಾಳದಲ್ಲಿ ಒಂದು ಶುಕ್ರವಾರ ಏನೋ ಬಿದ್ದು, ಶನಿವಾರ ಬೆಳಿಗ್ಗೆಯೂ ಹಾಲಿನವನು ಎಂದಿನಂತೆ ಬಂದರೆ ಹೇಗಿರುತ್ತದೋ ಹಾಗಿದೆ ಈ ಕಥೆ” ಎಂಬಷ್ಟು ಹೇಳಿದರೆ ಸಾಕು.

ನಿಮ್ಮ ಗೆರೆಗಳಿರುವ ಪ್ರತಿಯನ್ನು ಕೊಡಬೇಡಿ, ಶುಭ್ರವಾದ ಇನ್ನೊಂದು ಪ್ರತಿಯನ್ನು ಕೊಡಿ. ಮೊದಲ ಅಧ್ಯಾಯ ಖಗೋಳದ ವಿವರಗಳಿಂದ ನಿಧಾನವಾಗಿ ಸಾಗುತ್ತದೆ, ಅಲ್ಲೇ ಬಹಳ ಜನ ಕೈಬಿಡುತ್ತಾರೆ. ಐದನೆಯ ಅಧ್ಯಾಯದವರೆಗೆ ಓದಿ ಆಮೇಲೆ ತೀರ್ಮಾನಿಸಿ ಎಂದು ಕೇಳಿಕೊಳ್ಳುವುದು ನ್ಯಾಯವಾದ ಕರಾರು. ಎಲ್ಲಿಗೆ ಬಂದಿರಿ ಎಂದು ದಿನಾ ವಿಚಾರಿಸುವುದು ಸಾಲ ವಸೂಲಿಯಂತಾಗುತ್ತದೆ.

ಹದಿಹರೆಯದವರಿಗೆ ಕೊಡುವುದಾದರೆ ರಕ್ತ ಹೀರುವ ವಿವರಗಳು ಎರಡನೆಯ ಭಾಗದ ಎರಡು ಮತ್ತು ಮೂರನೆಯ ಅಧ್ಯಾಯಗಳಲ್ಲಿ ಇವೆ ಎಂಬುದನ್ನು ಅವರ ಮನೆಯವರಿಗೆ ತಿಳಿಸಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಪುಸ್ತಕವನ್ನು ಕೊಡುವುದಕ್ಕಿಂತ ಮೊದಲ ಭಾಗದ ಆಯ್ದ ಪ್ರಸಂಗಗಳನ್ನು ಬಾಯಲ್ಲಿ ಹೇಳುವುದು ಸೂಕ್ತ.

ಕೂಡಿ ಓದುವುದು: ವಾಚನ ಮತ್ತು ವ್ಯಾಖ್ಯಾನ

ಹಲವರಿಗೆ ಒಟ್ಟಿಗೆ ಓದಿಸಲು ನಮ್ಮಲ್ಲಿ ಸಿದ್ಧವಾಗಿಯೇ ಒಂದು ಪದ್ಧತಿಯಿದೆ. ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ, ಪದ್ಯ ಅರ್ಥವಾಗದವರೂ ಕಥೆಯಿಂದ ಹೊರಗುಳಿಯುವುದಿಲ್ಲ. ಹಳೆಯ ಇಂಗ್ಲಿಷಿನ ಕಾದಂಬರಿಗೆ ರಾಗ ಬೇಕಿಲ್ಲ, ಉಳಿದ ಏರ್ಪಾಡು ಹಾಗೆಯೇ ಹೊಂದುತ್ತದೆ. ಉಚ್ಚಾರ ಸ್ಪಷ್ಟವಿರುವ ಒಬ್ಬರು ಒಂದೆರಡು ಪುಟ ಇಂಗ್ಲಿಷಿನಲ್ಲಿ ಓದಲಿ, ಮತ್ತೊಬ್ಬರು ಅಷ್ಟನ್ನು ಕನ್ನಡದಲ್ಲಿ ವಿಸ್ತರಿಸಿ ಹೇಳಲಿ. ಅಜ್ಜಿ, ಮೊಮ್ಮಗ, ಪಕ್ಕದ ಮನೆಯ ಮೇಷ್ಟ್ರು, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಕಥೆಯನ್ನು ಕೇಳಲು ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಲೆಕ್ಕ ಹಾಕಿ ಶುರುಮಾಡಿ. ನಿಮಿಷಕ್ಕೆ 130 ಪದಗಳಂತೆ ಓದಿದರೂ ಪೂರ್ಣ ಪಠ್ಯಕ್ಕೆ ಏಳೂವರೆ ಗಂಟೆಗಿಂತ ಹೆಚ್ಚು ಬೇಕು. ವ್ಯಾಖ್ಯಾನವೂ ಸೇರಿದರೆ ಅದರ ಎರಡರಷ್ಟು. ವಾರಕ್ಕೊಂದು ಸಂಜೆ ಒಂದೂವರೆ ಗಂಟೆ ಕೂತರೆ ಹತ್ತು ವಾರಗಳಿಗೂ ಮೀರುತ್ತದೆ, ಅಷ್ಟು ಕಾಲ ಒಂದು ಗುಂಪನ್ನು ಹಿಡಿದಿಡುವುದು ಸುಲಭವಲ್ಲ. ಆದ್ದರಿಂದ ಎಲ್ಲವನ್ನೂ ವಾಚಿಸುವ ಹಟ ಬೇಡ. ಮೊದಲ ಭಾಗದಿಂದ 1, 4, 5, 9, 10, 12, 16 ಮತ್ತು 17, ಎರಡನೆಯ ಭಾಗದಿಂದ 4, 7 ಮತ್ತು 8, ಈ ಅಧ್ಯಾಯಗಳನ್ನು ಮೂಲದಲ್ಲಿ ಓದಿ, ನಡುವಿನವನ್ನು ವ್ಯಾಖ್ಯಾನಕಾರರು ಸಂಗ್ರಹಿಸಿ ಹೇಳಿದರೆ ಐದಾರು ಬೈಠಕ್‌ಗಳಲ್ಲಿ ಮುಗಿಯುತ್ತದೆ. ಒಂಬತ್ತು ಮತ್ತು ಹತ್ತನ್ನು ಒಂದೇ ಸಂಜೆ ಓದಬೇಕು. ಇವೆರಡರ ನಡುವೆ ಒಂದು ವಾರ ಬಿಟ್ಟರೆ ಪಬ್‌ನ ಮಾಲೀಕ ಯಾರೆಂಬುದೇ ಕೇಳುಗರಿಗೆ ಮರೆತುಹೋಗಿರುತ್ತದೆ. ಬೈಠಕ್ ನಿಲ್ಲಿಸಲು ನಾಲ್ಕನೆಯ ಅಧ್ಯಾಯದ ಕೊನೆ, ಹನ್ನೆರಡರ ಕೊನೆ ಮತ್ತು ಹದಿನೇಳರಲ್ಲಿ ‘ಥಂಡರ್ ಚೈಲ್ಡ್’ ಎಂಬ ಯುದ್ಧನೌಕೆ ಮುಳುಗುವ ಜಾಗ ಒಳ್ಳೆಯವು.

ವ್ಯಾಖ್ಯಾನ ಮಾಡುವವರು ಪೂರ್ವಸಿದ್ಧತೆಯಿಲ್ಲದೆ ಕೂರಬಾರದು. ವೆಲ್ಸ್‌ನ ವಾಕ್ಯಗಳು ಉದ್ದ, ಅಲ್ಪವಿರಾಮಗಳ ಮೇಲೆ ನಡೆಯುವಂಥವು. ಅಂಥ ಎರಡು ಮೂರು ವಾಕ್ಯಗಳನ್ನಾದರೂ ಹಿಂದಿನ ದಿನವೇ ಕನ್ನಡದಲ್ಲಿ ಒಡೆದು ಬರೆದುಕೊಂಡಿರಬೇಕು. ಊರಿನ ಹೆಸರುಗಳು ಬಂದಾಗ ನೀವು ಬರೆದ ನಕ್ಷೆಯನ್ನು ಗೋಡೆಗೆ ಅಂಟಿಸಿದರೆ ಅರ್ಧ ವಿವರಣೆ ಉಳಿಯುತ್ತದೆ. ವ್ಯಾಖ್ಯಾನಕಾರರು ಮುಂದಿನ ಕಥೆಯ ಸುಳಿವು ಕೊಡಬಾರದು, ನಿರೂಪಕನನ್ನು ಸಮರ್ಥಿಸಲೂಬಾರದು, ಹಳಿಯಲೂಬಾರದು.

ಕಥೆಯನ್ನು ಇಲ್ಲಿಗೇ ತಂದುಬಿಡೋಣ, ಸಿಲಿಂಡರ್ ಕಬ್ಬನ್ ಪಾರ್ಕಿನಲ್ಲಿ ಬೀಳಲಿ ಎಂದು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಈ ಆಸೆ ಹಳೆಯದು. 1897–98ರಷ್ಟು ಹಿಂದೆಯೇ ಅಮೆರಿಕದ ಪತ್ರಿಕೆಗಳು ಕಥೆಯನ್ನು ತಮ್ಮ ಊರುಗಳಿಗೆ ಸ್ಥಳಾಂತರಿಸಿ ಅಚ್ಚು ಹಾಕಿದ್ದವು, ವೆಲ್ಸ್ ಅದನ್ನು ಪ್ರತಿಭಟಿಸಿದ್ದ. ಮೂಲವನ್ನು ಪೂರ್ತಿ ಕೇಳಿದ ಮೇಲೆ ಮಕ್ಕಳು ತಮ್ಮೂರಿನ ನಕ್ಷೆಯ ಮೇಲೆ ಅದನ್ನು ಆಡಿ ನೋಡಲಿ, ಅದು ಸೊಗಸಾದ ಆಟ. ಮೊದಲೇ ಸ್ಥಳ ಬದಲಿಸಿದರೆ ಟಾಸ್ಮೇನಿಯಾದ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಜಗತ್ತನ್ನು ಆಳುತ್ತಿದ್ದವರ ಮನೆಯಂಗಳದಲ್ಲೇ ಇನ್ನೂ ಬಲವಾದ ಆಕ್ರಮಣಕಾರರು ಬಂದಿಳಿದರು ಎಂಬುದು ಕಥೆಯ ಮೂಲ ಪಟ್ಟು.

ಚರ್ಚೆಯನ್ನು ಎಬ್ಬಿಸುವುದು

ಕಥೆ ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಒಂದು ಬೈಠಕ್‌ಗೆ ಒಂದೇ ಪ್ರಶ್ನೆ ಸಾಕು, ಅದು ಪುಟದ ಮೇಲಿರುವ ಸಂಗತಿಯಿಂದಲೇ ಹುಟ್ಟಬೇಕು. ಹತ್ತನೆಯ ಅಧ್ಯಾಯ ಮುಗಿದ ಮೇಲೆ, ಗಾಡಿ ಕೊಟ್ಟವನಿಗೆ ನಿಜವನ್ನು ಪೂರ್ತಿಯಾಗಿ ಹೇಳಿದ್ದರೆ ಅವನು ಗಾಡಿ ಕೊಡುತ್ತಿದ್ದನೇ ಎಂದು ಕೇಳಿ ನೋಡಿ. ಕೊಡುತ್ತಿರಲಿಲ್ಲ ಎಂದಾದರೆ ಹೆಂಡತಿಯ ಪ್ರಾಣಕ್ಕೆ ಯಾರ ಪ್ರಾಣ ತೆತ್ತಂತಾಯಿತು ಎಂಬುದು ಕೇಳುಗರಿಗೇ ಹೊಳೆಯುತ್ತದೆ.

ಪುಟ್ನಿ ಹಿಲ್‌ನ ಸೈನಿಕನ ಅಧ್ಯಾಯಕ್ಕೆ ಪ್ರಶ್ನೆಯೇ ಬೇಡ. ಮನುಷ್ಯಕುಲವನ್ನು ಭೂಗತ ಸುರಂಗಗಳಲ್ಲಿ ಉಳಿಸುವ, ದುರ್ಬಲರನ್ನು ಹೊರಗಿಡುವ ಭಾರಿ ಯೋಜನೆಯನ್ನು ಅವನು ವಿವರಿಸುತ್ತಾನೆ. ಒಂದು ವಾರ ಅಗೆದು ತೋಡಿದ ಸುರಂಗ ಹತ್ತು ಗಜವೂ ಇಲ್ಲ. ಅಷ್ಟನ್ನು ತಾನು ಒಂದು ದಿನದಲ್ಲಿ ತೋಡುತ್ತಿದ್ದೆ ಎಂದು ನಿರೂಪಕ ಗೊಣಗುತ್ತಾನೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಸಲಿಕೆ ಬಿಟ್ಟು ಶಾಂಪೇನ್ ಕುಡಿದು ಇಸ್ಪೀಟು ಆಡುತ್ತಾರೆ. ಈ ಅಧ್ಯಾಯವನ್ನು ಗಟ್ಟಿಯಾಗಿ ಓದಿದರೆ ಕೋಣೆಯಲ್ಲಿ ನಗು ಏಳುತ್ತದೆ, ಆ ಯೋಜನೆಯೊಳಗಿನ ಕ್ರೌರ್ಯದ ಬಗ್ಗೆ ಮಾತು ನಗುವಿನ ಹಿಂದೆಯೇ ಬರುತ್ತದೆ.

ದೂರುಗಳೂ ಬರುತ್ತವೆ. ನಿರೂಪಕನ ಹೆಂಡತಿಗೂ ಹೆಸರಿಲ್ಲ, ಅವಳನ್ನು ಲೆದರ್‌ಹೆಡ್‌ನಲ್ಲಿ ಇಳಿಸಿದ ಮೇಲೆ ಕೊನೆಯವರೆಗೆ ಅವಳು ಕಾಣುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಿ, ಅದು ಸತ್ಯ. ತಮ್ಮನ ಅಧ್ಯಾಯಗಳಲ್ಲಿ ರಿವಾಲ್ವರ್ ಹಿಡಿದು ದರೋಡೆಕೋರರ ಮೇಲೆ ಗುಂಡು ಹಾರಿಸುವ ಮಿಸ್ ಎಲ್ಫಿನ್‌ಸ್ಟೋನ್ ಇದ್ದಾಳೆ, ಆದರೆ ಅವಳೊಬ್ಬಳಿಂದ ಆ ಕೊರತೆ ತುಂಬುವುದಿಲ್ಲ. ಮೆಚ್ಚಿನ ಪುಸ್ತಕದ ವಕೀಲರಾಗಿ ನಿಂತವರು ಬೇಗ ಗುಂಪಿನ ವಿಶ್ವಾಸ ಕಳೆದುಕೊಳ್ಳುತ್ತಾರೆ.

ಹಕ್ಕುಗಳು, ಧ್ವನಿಮುದ್ರಣ, ಅನುವಾದ

ಓದಿದ್ದನ್ನು ಧ್ವನಿಮುದ್ರಿಸಿ ದೂರದ ಊರಿನ, ಹೊರದೇಶದ ಬಂಧುಗಳಿಗೆ ಕಳಿಸುವ ಇಚ್ಛೆ ಬಂದರೆ ಈ ಕಾದಂಬರಿಯ ಮಟ್ಟಿಗೆ ಅಡ್ಡಿಯಿಲ್ಲ. ವೆಲ್ಸ್ ತೀರಿಕೊಂಡದ್ದು 1946ರ ಆಗಸ್ಟ್‌ನಲ್ಲಿ. ಭಾರತದಲ್ಲಿ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುವುದರಿಂದ ಇಲ್ಲಿ ಅದು 2006ರ ಕೊನೆಗೆ ಮುಗಿದಿದೆ. 70 ವರ್ಷದ ನಿಯಮವಿರುವ ಬ್ರಿಟನ್‌ನಲ್ಲಿ 2016ರ ಕೊನೆಗೆ ಮುಗಿಯಿತು. ಮೂಲ ಪಠ್ಯವನ್ನು ವಾಚಿಸಬಹುದು, ನಿಮ್ಮದೇ ಕನ್ನಡ ಅನುವಾದ ಮಾಡಬಹುದು, ನಾಟಕವಾಗಿಸಬಹುದು. ಇತ್ತೀಚಿನ ಆವೃತ್ತಿಯ ಮುನ್ನುಡಿ, ಟಿಪ್ಪಣಿ, ಚಿತ್ರಗಳು, ಇನ್ನೊಬ್ಬರು ಮಾಡಿದ ಅನುವಾದ ಮತ್ತು ಆಡಿಯೋ ಪುಸ್ತಕಗಳಿಗೆ ಅವುಗಳದೇ ಹಕ್ಕುಗಳಿರುತ್ತವೆ, ಅವನ್ನು ಅನುಮತಿಯಿಲ್ಲದೆ ಬಳಸಬಾರದು. ಬೇರೆ ಕಾದಂಬರಿಯನ್ನು ಆರಿಸಿಕೊಂಡವರು ಮೊದಲು ಲೇಖಕರ ಮರಣದ ವರ್ಷವನ್ನು ನೋಡಿಕೊಳ್ಳಬೇಕು. ಹಕ್ಕು ಇನ್ನೂ ಇರುವ ಪುಸ್ತಕವನ್ನು ಮನೆಯವರ ನಡುವೆ ಓದಿ ಹೇಳುವುದು ಬೇರೆ, ಧ್ವನಿಮುದ್ರಿಸಿ ಎಲ್ಲರಿಗೂ ಹಂಚುವುದು ಬೇರೆ.

ಚಿತ್ರಗಳ ವಿಷಯದಲ್ಲಿ ಒಂದು ಮಾತು. ಧಾರಾವಾಹಿಗೆ ವಾರ್ವಿಕ್ ಗೋಬಲ್ ಬರೆದ ಚಿತ್ರಗಳು ವೆಲ್ಸ್‌ಗೆ ಹಿಡಿಸಿರಲಿಲ್ಲ. ಎರಡನೆಯ ಭಾಗದ ಎರಡನೆಯ ಅಧ್ಯಾಯದಲ್ಲಿ, ಮಂಗಳವಾಸಿಗಳ ಯಂತ್ರಗಳನ್ನು ಮರದ ಗೊಂಬೆಯಂತೆ ಸೆಟೆದುಕೊಂಡ ಮುಕ್ಕಾಲಿಗಳಾಗಿ ಚಿತ್ರಿಸಿದ ಕಲಾವಿದನೊಬ್ಬನನ್ನು ನಿರೂಪಕ ಗೇಲಿ ಮಾಡುತ್ತಾನೆ. ಆ ಪುಟವನ್ನು ಓದಿದ ದಿನ ಕೇಳುಗರ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ತಮಗೆ ಕಂಡಂತೆ ಯಂತ್ರವನ್ನು ಬರೆಯಲು ಹೇಳಿ. ಅವೆಲ್ಲವನ್ನೂ ಕೂಡಿಸಿದ ಮೇಲೆ 1906ರಲ್ಲಿ ಬೆಲ್ಜಿಯಂನಲ್ಲಿ ಪ್ರಕಟವಾದ ಆವೃತ್ತಿಗೆ ಆಲ್ವಿಂ ಕೊರೇಯ ಬರೆದ ಚಿತ್ರಗಳನ್ನು ತೋರಿಸಿ. ಸಿನಿಮಾಗಳನ್ನು ಹಾಕುವುದಾದರೆ ಅವು ಇನ್ನೂ ತಡವಾಗಿ, ಕೊನೆಯ ಬೈಠಕ್ ಮುಗಿದು ಒಂದೆರಡು ವಾರ ಕಳೆದ ಮೇಲೆ ಇರಲಿ, ಅಷ್ಟರಲ್ಲಿ ಕೇಳುಗರು ತಮ್ಮ ಮನಸ್ಸಿನಲ್ಲಿ ಕಟ್ಟಿಕೊಂಡ ಯಂತ್ರಗಳು ಪರದೆಯ ಯಂತ್ರಗಳೆದುರು ಅಳಿಸಿಹೋಗದಷ್ಟು ಗಟ್ಟಿಯಾಗಿರುತ್ತವೆ.